ಒಂದು ತಾಟಿನ ಮನೆ

ರಾಣೆಬೆನ್ನೂರಿನ ಬೀಜದ ಕಂಪನಿಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬಾಯಿ ಜೋರು. ಮೆಣಸಿನ ಗಿಡದ ಮೊಗ್ಗು ಬಿಡಿಸಿ, ಒಳಗಿನ ಗಂಡು ಕೇಸರವನ್ನು ಚಿಮಟದಿಂದ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಿ, ಗುರುತಿಗೊಂದು ಕೆಂಪು ದಾರ ಕಟ್ಟುವ ಕೆಲಸ ಅದು. “ದಿನಾ ಇಷ್ಟು ಲಗ್ನಾ ಮಾಡ್ತೀವಿ, ಒಂದರದೂ ಊಟ ಇಲ್ಲ ನೋಡವಾ” ಎಂದು ಯಾರಾದರೂ ಅಂದರೆ ಸಾಲಿಗೆ ಸಾಲೇ ನಗುತ್ತಿತ್ತು. ಜಯವ್ವ ಮಾತ್ರ ನಗುತ್ತಿರಲಿಲ್ಲ. ಹಾಗಂತ ಗಂಟುಮೋರೆಯವಳೇನಲ್ಲ, ಬೇರೆ ಯಾವ ಚೇಷ್ಟೆಗಾದರೂ ಎಲ್ಲರಿಗಿಂತ ಮೊದಲು ನಗುವವಳೇ. ಲಗ್ನದ ಮಾತು ಬಂದಾಗ ಮುಂದಿನ ಗಿಡಕ್ಕೆ ಸರಿದುಬಿಡುತ್ತಿದ್ದಳು, ಅಷ್ಟೇ.

ಆಕೆಗೂ ಒಂದು ಲಗ್ನ ಆಗಿತ್ತು. ಹುಡುಗ ಗುತ್ತಲದ ಡಾಕಪ್ಪ, ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ. “ಸದ್ಯಕ್ಕ ತವರಾಗ ಇರ್ಲಿ. ಮನಿ ನೋಡಿ ಬಂದು ಕರಕೊಂಡು ಹೋಗ್ತೇನಿ” ಎಂದು ಹಿರಿಯರಿಗೆಲ್ಲ ಕೈಮುಗಿದು ಬಸ್ಸು ಹತ್ತಿದ. ಮೊದಮೊದಲು ತಿಂಗಳಿಗೊಮ್ಮೆ ಬಂದ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಬರಲೇ ಇಲ್ಲ. ಅವನು ಹರಿಹರದಲ್ಲಿ ಮನೆ ನೋಡಿದ್ದು ಖರೇ, ಅದರೊಳಗೆ ಬೇರೊಬ್ಬಳ ಕೂಡ ಸಂಸಾರ ಹೂಡಿದ್ದೂ ಖರೇ. ಊರಿಗೆಲ್ಲ ಅದು ಗೊತ್ತಾದ ಮೇಲೂ ಯಾರಾದರೂ “ಗಂಡ ಎಲ್ಲದಾನವಾ?” ಎಂದರೆ ಜಯವ್ವ ಹೇಳುತ್ತಿದ್ದುದು ಒಂದೇ ಮಾತು: “ಮನಿ ನೋಡಾಕ ಹೋಗ್ಯಾನ್ರಿ.” ಮೊದಲು ನಂಬಿ ಹೇಳುತ್ತಿದ್ದಳು. ಆಮೇಲೆ ನಾಚಿಕೆಗೆ ಹೇಳಿದಳು. ಇಪ್ಪತ್ತು ವರ್ಷ ಕಳೆದ ಮೇಲೆ ಅದು ಬರೀ ರೂಢಿಯಾಗಿ ಉಳಿದಿತ್ತು, ಕೇಳುವವರೂ ಕಡಿಮೆಯಾಗಿದ್ದರು.

ಅವಳ ಬಾಳುವೆಗೆಂದು ತವರಿನವರು ಕೊಟ್ಟ ಭಾಂಡೆ ಸಾಮಾನು ಅಣ್ಣ ಮಲ್ಲೇಶಪ್ಪನ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲೇ ಇತ್ತು. ಒಂದು ಡಜನ್ ಸ್ಟೀಲ್ ತಾಟು, ಬಟ್ಟಲು, ಬೋಗುಣಿ, ಕೊಡ, ಚರಗಿ, ಪರಾತ. ಎಲ್ಲದರ ಅಂಚಿಗೂ ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರು: ಜಯವ್ವ ಡಾಕಪ್ಪ. ಪ್ರತಿ ದೀಪಾವಳಿಗೆ ಅವಳು ಚೀಲ ಇಳಿಸಿ, ಒಂದೊಂದನ್ನೇ ಒರೆಸಿ, ಮತ್ತೆ ಕಟ್ಟಿ ಮೇಲಿಡುತ್ತಿದ್ದಳು. ಒಂದು ದಿನವೂ ಒಲೆ ಕಾಣದ ಪಾತ್ರೆಗಳಿಗೆ ಈ ಉಪಚಾರ ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಎರಡು ಸಾವಿರದ ಐದನೇ ಇಸವಿಯ ಮಳೆಗಾಲದಲ್ಲಿ ಅಣ್ಣನ ಮಗಳು ನಿರ್ಮಲಾಳ ಲಗ್ನ ಗೊತ್ತಾಯಿತು. ಅಗಡಿಯ ಕಡೆಯ ವರ, ದೀಪಾವಳಿ ಕಳೆದ ಮೇಲೆ ಮುಹೂರ್ತ. ಅತ್ತಿಗೆ ಹೊನ್ನವ್ವ ಜೋಳ ಹಸನು ಮಾಡುತ್ತ ಕೂತಲ್ಲೇ ಮಾತು ತೆಗೆದಳು.

“ಜಯಾ, ಅಟ್ಟದ ಮ್ಯಾಗಿನ ಸಾಮಾನು ಹಂಗ ಕುಂತೈತಿ. ನಿರ್ಮಲಾಗ ಕೊಟ್ರ ನಿನಗೇನ ಬ್ಯಾಸರಿಲ್ಲಲ್ಲ? ಶಂಕ್ರಪ್ಪನ ಅಂಗಡ್ಯಾಗ ಹಳೇ ಹೆಸರು ಅಳಿಸಿ ಆಕೀದು ಹೊಡಸ್ತೇವಿ.”

“ಕೊಡ್ರಿ ವೈನಿ. ಆಕಿಗಲ್ಲದ ಇನ್ಯಾರಿಗೆ.”

ಹೊನ್ನವ್ವ ಕೆಟ್ಟವಳಲ್ಲ. ಕೇಳದೆಯೂ ಕೊಡಬಹುದಿತ್ತು, ಕೇಳಿದಳು. ಜಯವ್ವನಿಗೂ ಕೊಡುವುದರ ಬಗ್ಗೆ ದುಃಖವಿರಲಿಲ್ಲ, ನಿರ್ಮಲಾಳನ್ನು ತೊಡೆಯ ಮೇಲೆ ಮಲಗಿಸಿ ಬೆಳೆಸಿದವಳು ಅವಳೇ. ಆದರೆ ಹೆಸರು ಅಳಿಸಿಹೋಗುವ ಮುಂಚೆ ಒಂದೇ ಒಂದು ಸಲ, ತನ್ನದು ಅನ್ನುವ ಒಂದು ಒಲೆಯ ಮುಂದೆ ಕೂತು, ಆ ತಾಟಿನಲ್ಲಿ ತಾನು ಉಣ್ಣಬೇಕು ಅನ್ನುವ ಆಸೆ ಅವಳ ಎದೆಯಲ್ಲಿ ಅವತ್ತು ಎದ್ದು ಕೂತಿತು. ನಲವತ್ತು ದಾಟಿದ ಹೆಂಗಸು ಇಂಥದನ್ನು ಯಾರ ಮುಂದೆ ಹೇಳಿಕೊಳ್ಳುವುದು? ನುಂಗಿಕೊಂಡಳು.

ಅದೇ ಶ್ರಾವಣದಲ್ಲಿ ಕಂಪನಿಯ ವೀರೇಂದ್ರ ಸಾಹೇಬರು ಅವಳನ್ನು ಕರೆದರು. ಥಾಯ್ಲೆಂಡ್ ದೇಶದಿಂದ ಒಬ್ಬ ಮೇಡಂ ಬಂದಿದ್ದಾರೆ, ಮೆಣಸಿನ ತಳಿ ಮಾಡುವವರು, ಎರಡು ವರ್ಷ ಇಲ್ಲೇ ಇರುತ್ತಾರೆ, ಮೇಡ್ಲೇರಿ ರಸ್ತೆಯಲ್ಲಿ ಮಕ್ತುಮಸಾಬನ ಮನೆಯ ಮಹಡಿ ಹಿಡಿದಿದ್ದೇವೆ ಎಂದರು. “ಬರೇ ಗ್ವಾಡಿ ಅದಾವು. ನೀ ಜ್ವಾಡಿ ಇದ್ದು ಮನಿ ಹೂಡಿ ಕೊಡು. ಒಂದು ಮನಿ ಅಂದ್ರ ಏನೇನು ಬೇಕಂತ ನಿನಗ ಗೊತ್ತಿರತೈತಲ್ಲ ಜಯವ್ವಾ.”

ಅವರು ಯೋಚಿಸಿ ಅಂದ ಮಾತಲ್ಲ ಅದು. “ಗೊತ್ತೈತ್ರಿ ಸರ” ಅಂದಳು ಜಯವ್ವ. ಗೊತ್ತಿರದೆ ಏನು, ಒಲೆ ಯಾವ ಮೂಲೆಗೆ, ನೀರಿನ ಕೊಡ ಎಲ್ಲಿ, ರೊಟ್ಟಿ ಬುಟ್ಟಿ ಯಾವ ಗೂಟಕ್ಕೆ ಎಂದು ಇಪ್ಪತ್ತು ವರ್ಷದಿಂದ ಮನಸ್ಸಿನೊಳಗೇ ಮನೆ ಹೂಡಿಕೊಂಡು ಬಂದವಳಲ್ಲವೇ.

ಮೇಡಂ ಹೆಸರು ಸಿರಿಪೋರ್ನ್. ಕೆಲಸದ ಹೆಣ್ಣುಮಕ್ಕಳು ಮೊದಲ ದಿನವೇ ಬಾಲ ಕತ್ತರಿಸಿ ಸಿರಿ ಎಂದು ಮಾಡಿದರು. ಗಿಡ್ಡ ಆಳು, ಕತ್ತರಿಸಿದ ಕೂದಲು, ವಯಸ್ಸು ಜಯವ್ವನದೇ ಇದ್ದೀತು. ಹಿಂದೆ ಒಂದು ವರ್ಷ ಹೈದರಾಬಾದಿನಲ್ಲಿ ಇದ್ದವಳಾದ್ದರಿಂದ ಹರಕು ಮುರುಕು ಹಿಂದಿ ಬರುತ್ತಿತ್ತು. ಜಯವ್ವನದು ಸಂತೆಯ ಹಿಂದಿ. ಇಬ್ಬರದೂ ಕೂಡಿದರೆ ಒಂದು ಮಾತಿಗೆ ಸಾಲುತ್ತಿತ್ತು, ಕಡಿಮೆ ಬಿದ್ದಲ್ಲಿ ಕೈಬೆರಳು ಇದ್ದವು.

ಆದರೆ ಮನೆ ಹೂಡುವುದರಲ್ಲಿ ಮೊದಲ ದಿನವೇ ಇಬ್ಬರಿಗೂ ಜಗ್ಗಾಟ. ಜಯವ್ವ ಇಬ್ಬರು ಮಲಗುವ ಮಂಚ ತೋರಿಸಿದರೆ ಸಿರಿ ಒಂದು ಚಾಪೆ, ಒಂದು ತೆಳ್ಳನೆ ಗಾದಿ ಎಂದಳು. ಜಯವ್ವ ಅಡುಗೆಮನೆಯ ಗೋಡೆಯ ಕಡಪಾ ಕಲ್ಲಿನ ಹಲಿಗೆಗಳನ್ನು ಎಣಿಸಿ ಸಾಲು ಡಬ್ಬಿ ಬೇಕು ಎಂದರೆ ಸಿರಿ ಎರಡು ಬೆರಳು ಎತ್ತಿದಳು. ಕೊನೆಗೆ ಶಂಕ್ರಪ್ಪನ ಭಾಂಡೆ ಅಂಗಡಿಗೆ ಬಂದಾಗ, ಇಲ್ಲಾದರೂ ತನ್ನ ಮಾತು ನಡೆದೀತು ಎಂದು ಜಯವ್ವ ತಾಟು, ಚರಗಿ, ಸಣ್ಣ ದೊಡ್ಡ ಬೋಗುಣಿ ಎಲ್ಲ ಕೆಳಗಿಳಿಸಿ ಗುಂಪು ಹಾಕಿದಳು. ಸಿರಿ ಬೆನ್ನ ಹಿಂದೆ ಒಂದೊಂದನ್ನೇ ಮೇಲಿಟ್ಟಳು. ಅವಳು ಉಳಿಸಿಕೊಂಡದ್ದು ಒಂದು ತಾಟು, ಒಂದು ಗ್ಲಾಸು, ಒಂದು ಬೋಗುಣಿ. ಕಲ್ಲಿನ ಕಲಬತ್ತವನ್ನು ಮಾತ್ರ ಬಹಳ ಹೊತ್ತು ತಟ್ಟಿ, ಕುಟ್ಟಿ ನೋಡಿ ಆರಿಸಿದಳು.

“ಒಂದ ತಾಟೇನು? ಯಾರರೆ ಬಂದ್ರ?” ಎಂದು ಜಯವ್ವ ಕೇಳಿದಳು.

“ಕೌನ್?” ಎಂದಳು ಸಿರಿ. ಯಾರು ಬರುತ್ತಾರೆ ಎಂದು ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಹೆಸರು ಹಾಕದ ಭಾಂಡೆ ತನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ ಎಂದು ಶಂಕ್ರಪ್ಪ ಹಟ ಹಿಡಿದು, ಮಶೀನಿನಿಂದ ಗುರ್ರೆಂದು ಮೂರಕ್ಕೂ ಸಿರಿ ಎಂದು ಕೊರೆದುಕೊಟ್ಟ. ಸಿರಿ ಆ ಅಕ್ಷರಗಳನ್ನು ಬೆರಳಿನಿಂದ ಸವರಿ ನೋಡಿ ಖುಷಿಪಟ್ಟಳು.

ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಬಿಡಲು ಜಯವ್ವನಿಗೆ ಮನಸ್ಸಾಗಲಿಲ್ಲ. ಕೆಳಗಿನ ಮನೆಯ ಜೈತೂನಬಿ, ಅಂದರೆ ಮಕ್ತುಮಸಾಬನ ಹೆಂಡತಿ, ತಾನೇ ಹಾಲು ತಂದುಕೊಟ್ಟಳು. ಹಾಲು ಮೇಲೇರಿ ಬರುವಾಗ ಸಿರಿ ಗಾಬರಿಯಾಗಿ ಗ್ಯಾಸು ಸಣ್ಣ ಮಾಡಲು ಹೋದಳು, ಜಯವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. ಹಾಲು ಒಲೆಯ ಮೇಲೆಲ್ಲ ಚೆಲ್ಲಿತು. ಮೂವರೂ ಹೆಂಗಸರು ನಕ್ಕರು.

ಮೆಟ್ಟಿಲಿಳಿದು ಮನೆಯ ಹಾದಿ ಹಿಡಿದ ಜಯವ್ವನಿಗೆ ಅಷ್ಟುದ್ದದ ಬರಿದಾದ ಹಲಿಗೆ, ಅದರ ಮೂಲೆಗೆ ಬೋರಲಾಗಿ ಇಟ್ಟ ಒಂದೇ ತಾಟು ಕಣ್ಣು ಬಿಟ್ಟು ಹೋಗಲಿಲ್ಲ. ಇದನ್ನು ಮನೆ ಅನ್ನುತ್ತಾರೆಯೇ? ದೇಶ ಬಿಟ್ಟು ದೇಶಕ್ಕೆ ಬಂದವಳಿಗೆ ಹಿಂದೆ ಯಾರೂ ಇಲ್ಲ ಅನ್ನುವುದುಂಟೇ? ಗಂಡ ಇದ್ದಾನು, ಓದುವ ಮಗಳು ಇದ್ದಾಳು, ದಸರೆಗೆ ಬಂದಾರು. ಬಂದವರು ಅಂಗೈ ಮೇಲೆ ಉಣ್ಣಬೇಕೇ? ಹೀಗೆ ಲೆಕ್ಕ ಹಾಕುತ್ತ ಹಾಕುತ್ತ ಅಟ್ಟದ ಮೇಲಿನ ಚೀಲ ನೆನಪಾಗಿ ಅವಳ ಕಾಲು ಚುರುಕಾದವು. ಎಲ್ಲವೂ ಸಿರಿಯ ಸಲುವಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರಾ ಸುಳ್ಳೂ ಅಲ್ಲ, ಪೂರಾ ಖರೇನೂ ಅಲ್ಲ.

ಲಗ್ನಕ್ಕೆಂದು ಮನೆಗೆ ಸುಣ್ಣಬಣ್ಣ ಶುರುವಾಗುವುದಿತ್ತು, ಅಟ್ಟ ಖಾಲಿ ಮಾಡಬೇಕಿತ್ತು. ಚೀಲ ಮೇಡಂ ಮನೆಯಲ್ಲಿ ಇಟ್ಟಿರುತ್ತೇನೆ ಎಂದು ಜಯವ್ವ ಕೇಳಿದಾಗ ಹೊನ್ನವ್ವ ಒಂದು ಗಳಿಗೆ ನೋಡಿದಳು.

“ಒಯ್ಯಿ. ಆದ್ರ ಒಲಿ ಮ್ಯಾಲ ಇಡಬ್ಯಾಡ, ಯಾರೂ ಅದರಾಗ ಉಣಬಾರ್ದು. ಬಳಸಿದ್ದು ಲಗ್ನಕ್ಕ ಕೊಡಾಕ ಬರೂದಿಲ್ಲ, ನಿನಗ ಗೊತ್ತೈತೆಲ್ಲ.”

“ಗೊತ್ತೈತ್ರಿ ವೈನಿ.”

ಮಕ್ತುಮಸಾಬನ ಗೂಡ್ಸ್ ಆಟೊದಲ್ಲಿ ಚೀಲ ಬಂತು. ಜಯವ್ವ ಸಿರಿಯ ಅಡುಗೆಮನೆಯ ಹಲಿಗೆಯ ಮೇಲೆ ತಾಟುಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಮುಂದೆ ಬಟ್ಟಲು ಸಾಲು ಹಚ್ಚಿ, ಕೊಡದ ಮೇಲೆ ಚರಗಿ ಇಟ್ಟಳು. ದೂರ ನಿಂತು ನೋಡಿದಳು. ಅವಳಿಗೆ ಅಷ್ಟು ಚೆಂದದ್ದು ಬೇರೆ ಯಾವುದೂ ಕಂಡಿರಲಿಲ್ಲ. ಇದೆಲ್ಲ ಯಾತಕ್ಕೆ ಎಂದು ಸಿರಿ ಕೈ ತಿರುವಿ ಕೇಳಿದಳು. “ಇರ್ಲಿ. ನಿಮ್ಮ ಮಂದಿ ಬಂದಾಗ” ಎಂದಳು ಜಯವ್ವ. ಸಿರಿಗೆ ಎಷ್ಟು ತಿಳಿಯಿತೋ, ಬೇಡ ಅನ್ನಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಬಿಟ್ಟ ಮೇಲೆ ಜಯವ್ವ ನೇರ ಮಹಡಿಗೆ ಹೋಗುವುದು, ಯಾರೂ ಉಣ್ಣದ ತಾಟುಗಳನ್ನು ಇಳಿಸಿ ಒರೆಸಿ ಮತ್ತೆ ನಿಲ್ಲಿಸುವುದು. ಸಿರಿ ತನ್ನ ಒಂದು ತಾಟಿನಲ್ಲಿ ಅನ್ನ ಉಂಡು, ತೊಳೆದು, ಅದೇ ಮೂಲೆಗೆ ಬೋರಲು ಹಾಕುತ್ತಿದ್ದಳು. ಮಾತು ಕಡಿಮೆ. ಒಬ್ಬಳು ಕಿಟಕಿಯ ಹತ್ತಿರ ಕೂತರೆ ಇನ್ನೊಬ್ಬಳು ಬಾಗಿಲ ಹತ್ತಿರ. ದೀಪ ಹಚ್ಚುವ ಹೊತ್ತಿಗೆ ಜಯವ್ವ ಏಳುತ್ತಿದ್ದಳು, ಇನ್ನಷ್ಟು ಹೊತ್ತು ಇರು ಎಂದು ಸಿರಿ ಅನ್ನುತ್ತಿರಲಿಲ್ಲ, ಅನ್ನಲಿ ಎಂದು ಜಯವ್ವನಿಗೆ ಅನ್ನಿಸುತ್ತಿತ್ತು.

ಶನಿವಾರಕ್ಕೊಮ್ಮೆ ಸಿರಿ ಎಸ್‌ಟಿಡಿ ಅಂಗಡಿಯಿಂದ ಊರಿಗೆ ಫೋನು ಮಾಡುತ್ತಿದ್ದಳು. ಜಯವ್ವ ಹೊರಗೆ ಬೆಂಚಿನ ಮೇಲೆ ಕಾಯುವಳು. ಗಾಜಿನ ಆಚೆ ಸಿರಿ ಕೆಲವು ಸಲ ಸ್ವಲ್ಪ ಮಾತಾಡುವಳು, ಕೆಲವು ಸಲ ಆ ಕಡೆ ಯಾರೂ ಎತ್ತದೆ ಸುಮ್ಮನೆ ಇಟ್ಟುಬಿಡುವಳು. ಒಂದು ಶನಿವಾರ ಹಾಗೆ ಇಟ್ಟು ಹೊರಗೆ ಬಂದಾಗ ಜಯವ್ವ ಧೈರ್ಯ ಮಾಡಿ ಕೇಳಿದಳು. ಅಕ್ಕನ ಮನೆ, ಎಂದಳು ಸಿರಿ. ಗಂಡ? ಇಲ್ಲ. ಮಕ್ಕಳು? ಇಲ್ಲ. ಡಬ್ಬಿಯಲ್ಲಿ ಸಕ್ಕರೆ ಇಲ್ಲ ಅನ್ನುವ ಹಾಗೆ, ಬೇಸರವಿಲ್ಲದೆ ತಲೆಯಾಡಿಸಿದಳು.

ಅಂದರೆ ದಸರೆಗೂ ಯಾರೂ ಬರುವುದಿಲ್ಲ, ಯಾವತ್ತಿಗೂ ಬರುವುದಿಲ್ಲ. ಅವತ್ತು ಸಂಜೆ ತಾಟು ಒರೆಸುತ್ತ ಜಯವ್ವನಿಗೆ ತನ್ನ ಹುಚ್ಚುತನಕ್ಕೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಅಳು ಬಂತು. ಒಂದು ಡಜನ್ ತಾಟು ಹಚ್ಚಿಟ್ಟು ಯಾರನ್ನು ಕಾಯುತ್ತಿದ್ದಳು ಅವಳು? ಆದರೂ ಮರುದಿನ ಹೋದಳು, ಒರೆಸಿದಳು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೋಡಬೇಕೆಂದು ಸಿರಿಗೆ ಆಸೆ. ಸೀಜನ್ ಅಲ್ಲದಿದ್ದರೂ ಗೋದಾಮಿನ ಚೀಲಗಳು ಬಿಚ್ಚಿ ಕೆಂಪಗೆ ಹರಡಿದ್ದವು, ಇಬ್ಬರೂ ಸೀನುತ್ತ ಓಣಿ ಓಣಿ ತಿರುಗಿದರು. ಸಿರಿ ಒಂದು ಸುಕ್ಕು ಕಾಯಿ ಕಚ್ಚಿ, ಖಾರ ಏರಲಿ ಎಂದು ಕಾದು, ಏರದಿದ್ದುದಕ್ಕೆ ನಕ್ಕಳು. ಇದರಲ್ಲಿ ಬರೀ ಬಣ್ಣ ಎಂದು ಕೈ ಮಾಡಿದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದ ಮುದುಕಿಗೆ ಈ ಪರದೇಶದ ಹೆಣ್ಣುಮಗಳ ಪೂರ್ತಿ ಚರಿತ್ರೆ ಬೇಕಾಗಿತ್ತು. “ಮನ್ಯಾಗ ಎಷ್ಟ ಮಂದಿ ಅದಾರಂತ ಕೇಳವಾ” ಎಂದಳು. ಕೇಳದೆಯೇ ಜಯವ್ವ “ಇಬ್ಬರ” ಅಂದುಬಿಟ್ಟಳು. ಅಂದ ಮೇಲೆ ಮುಖ ಕಿಟಕಿಗೆ ತಿರುಗಿಸಿ ರಾಣೆಬೆನ್ನೂರು ಬರುವ ತನಕ ಹಾಗೇ ಕೂತಳು.

ದಸರೆ ಮುಗಿದು ಕೆಲವು ದಿನಕ್ಕೆ ಸಿರಿ ಕಾಗದಪತ್ರದ ಕೆಲಸಕ್ಕೆ ಹಾವೇರಿಗೆ ಹೋಗಬೇಕಾಯಿತು, ಜಯವ್ವನನ್ನೂ ಕರೆದಳು. ಕೆಲಸ ಮುಗಿಸಿ ಬಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಗಿರ್ಮಿಟ್ಟು ತಿನ್ನುತ್ತಿರುವಾಗ ಹೇಳಿದಳು. ಎರಡು ವರ್ಷದ ತನ್ನ ತಳಿಯ ಕೆಲಸವನ್ನು ಕಂಪನಿ ಮಧ್ಯದಲ್ಲೇ ನಿಲ್ಲಿಸಿದೆ. ದೀಪಾವಳಿಗೆ ಮುಂಚೆ ಹೋಗಬೇಕು, ಮುಂದಿನ ಮನೆ ಇಂಡೋನೇಷ್ಯಾದಲ್ಲಿ.

ಜಯವ್ವ ಗಿರ್ಮಿಟ್ಟಿನ ಪೊಟ್ಟಣ ಪಕ್ಕಕ್ಕಿಟ್ಟಳು. “ಅಲ್ಲೂ ಒಂದ ತಾಟೇನು?” ಎಂದಳು.

ಸಿರಿ ಒಂದು ಬೆರಳು ತೋರಿಸಿದಳು. ಇಲ್ಲಿಯವರೆಗೆ ಎಷ್ಟು ಮನೆ ಹೂಡಿದ್ದೇನೆ ಎಂದು ಎಣಿಸಲು ಹೋಗಿ, ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದಾಗ ಬಿಟ್ಟುಬಿಟ್ಟಳು. ಎಲ್ಲ ಕಡೆ ಒಂದೇ ತಾಟು, ಬಿಡುವಾಗ ಯಾರಿಗಾದರೂ ಕೊಟ್ಟು ಬರುತ್ತಾಳಂತೆ. ಒಂದು ತಾಟಿನದು ಮನೆ ಹೇಗಾಗುತ್ತದೆ ಎಂದು ಜಯವ್ವ ತನ್ನ ಸಂತೆಯ ಹಿಂದಿಯಲ್ಲಿ ಸಿಟ್ಟಿನಿಂದಲೇ ಕೇಳಿದಳು. ಬಿಟ್ಟು ಹೋಗುವವಳ ಮೇಲಿನ ಸಿಟ್ಟು ಅದು. ಸಿರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಮೈ ಹೂಂ ನಾ” ಎಂದಳು. ನಾನು ಇರುತ್ತೇನಲ್ಲ, ಎಂದು.

ಹೊರಡುವ ಮುಂಚಿನ ಐತವಾರ ಸಿರಿ ಊಟಕ್ಕೆ ಕರೆದಳು. ಜಯವ್ವನಿಗೆ ನಡೆಯುವುದಿಲ್ಲವೆಂದು ಮೀನಿನ ರಸದ ಬಾಟಲಿಯನ್ನು ಕಿಟಕಿಯ ಹೊರಗಿನ ಕಟ್ಟೆಗೆ ಸಾಗಹಾಕಿದ್ದಳು. ಹಸಿ ಪಪ್ಪಾಯಿ ಎಳೆ ಎಳೆಯಾಗಿ ಹೆಚ್ಚಿ, ಬೆಳ್ಳುಳ್ಳಿ, ಶೇಂಗಾ, ಬೆಲ್ಲ, ಲಿಂಬೆ, ಬ್ಯಾಡಗಿ ಕಾಯಿ ಹಾಕಿ ಕಲಬತ್ತದಲ್ಲಿ ಕುಟ್ಟಿದಳು. ಜಯವ್ವ ರೊಟ್ಟಿ ಬಡಿದಳು. ಚಾಪೆ ಹಾಸಿ, ಸಿರಿ ತನ್ನ ತಾಟು ಇಟ್ಟುಕೊಂಡಳು. ಆಮೇಲೆ ಎದ್ದು ಹಲಿಗೆಯ ಮೇಲಿಂದ ಒಂದು ತಾಟು ತೆಗೆದು ಜಯವ್ವನ ಮುಂದೆ ಇಟ್ಟಳು.

ಬೇಡ ಅನ್ನಬೇಕಿತ್ತು. ಹೊನ್ನವ್ವನಿಗೆ ಕೊಟ್ಟ ಮಾತು ನೆನಪಿತ್ತು. ಅಷ್ಟರಲ್ಲಿ ಸಿರಿ ರೊಟ್ಟಿ ಹಾಕಿ, ಪಕ್ಕಕ್ಕೆ ಕುಟ್ಟಿದ್ದನ್ನು ಬಡಿಸಿಬಿಟ್ಟಿದ್ದಳು. ಜಯವ್ವ ತನ್ನ ಹೆಸರಿನ ತಾಟಿನಲ್ಲಿ ಮೊದಲ ತುತ್ತು ಮುರಿದಳು. ಎರಡನೆಯ ತುತ್ತಿಗೆ ಕಣ್ಣಿಂದ ನೀರು ಇಳಿಯತೊಡಗಿತು, ನಿಲ್ಲಿಸಲು ಆಗಲಿಲ್ಲ. ಸಿರಿ ಗ್ಲಾಸಿಗೆ ನೀರು ಹಾಕಿಕೊಟ್ಟು “ಖಾರ?” ಎಂದಳು.

“ಹೂಂ. ಖಾರ.”

ಬ್ಯಾಡಗಿ ಕಾಯಿಯಲ್ಲಿ ಎಷ್ಟು ಖಾರ ಇದೆ ಎಂದು ಸಿರಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸುಮ್ಮನೆ ತಾಟಿನ ಅಂಚಿನ ಅಕ್ಷರಗಳ ಮೇಲೆ ಬೆರಳಿಟ್ಟಳು. ಜಯವ್ವ ಓದಿ ಹೇಳಿದಳು. ಮೊದಲನೆಯದು ತಾನು, ಎರಡನೆಯದು ಗಂಡ. ಎಲ್ಲಿ ಎಂದು ಸಿರಿ ಕೇಳಿದಾಗ ರೂಢಿಯ ಮಾತೇ ಬಾಯಿಗೆ ಬಂತು, ಈ ಸಲ ಹಿಂದಿಯಲ್ಲಿ. ಮನೆ ನೋಡಲು ಹೋಗಿದ್ದಾನೆ.

“ಕಬ್?” ಎಂದಳು ಸಿರಿ.

ಯಾವಾಗ ಹೋದ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ವಿಷಯ. ಇಪ್ಪತ್ತು ವರ್ಷ ಎಂದು ಜಯವ್ವ ಮನಸ್ಸಿನಲ್ಲೇ ಎಣಿಸಿದಳು. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ತಾಟು ಖಾಲಿಯಾಗುವ ತನಕ ಉಂಡಳು.

ಸಿರಿ ಹೋದಳು. ತಾಟು, ಗ್ಲಾಸು, ಬೋಗುಣಿ, ಕಲಬತ್ತ ಎಲ್ಲ ಜಯವ್ವನ ಕೈಗೆ ಕೊಟ್ಟು, ಎರಡೂ ಕೈ ಮುಗಿದು ಕಂಪನಿಯ ಜೀಪು ಹತ್ತಿದಳು. ಜೀಪು ತಿರುವಿನಲ್ಲಿ ಮರೆಯಾದ ಮೇಲೂ ಜಯವ್ವ ಅಲ್ಲೇ ನಿಂತಿದ್ದಳು. ಖಾಲಿ ಅಡುಗೆಮನೆಯಿಂದ ಗೋಣಿಚೀಲ ಇಳಿಸಿ ಆಟೊಕ್ಕೆ ಹೇರಿದ ಮಕ್ತುಮಸಾಬ, “ಎಲ್ಲಾ ಅಣ್ಣನ ಮನೀಗೇನವಾ?” ಎಂದ.

“ಚೀಲ ಅಣ್ಣನ ಮನೀಗೆ. ಈ ನಾಲ್ಕು ಸಾಮಾನು ಇಲ್ಲೇ ಇರ್ಲಿ” ಎಂದು ಅವಳು ಜೈತೂನಬಿಯ ಕಡೆ ತಿರುಗಿದಳು. “ಮೆಟ್ಟಲ ಕೆಳಗಿನ ಖೋಲಿ ಖಾಲಿ ಐತೆಲ್ಲ ಬೂಬು. ನನಗ ಕೊಡ್ತೀರೇನು?”

“ಅದ್ರಾಗ ಒಬ್ಬಾಕಿ ಏನ ಮಾಡ್ತಿ?”

“ಇರ್ತೇನಿ.”

ಅಣ್ಣನ ಮನೆಯ ಪಡಸಾಲೆಯಲ್ಲಿ ಹೊನ್ನವ್ವ ಚೀಲ ಬಿಚ್ಚಿ ಎಣಿಸಿದಳು. “ಒಂದು ತಾಟು ಕಮ್ಮಿ ಐತಲ್ಲ.”

“ಅದರಾಗ ನಾ ಉಂಡೇನ್ರಿ ವೈನಿ. ಲಗ್ನಕ್ಕ ಬರೂದಿಲ್ಲ.”

ಹೊನ್ನವ್ವ ಬೈಯುತ್ತಾಳೆ ಎಂದು ಜಯವ್ವ ಅಂದುಕೊಂಡಿದ್ದಳು. ಅವಳು ಬೈಯಲಿಲ್ಲ, ಉಳಿದ ತಾಟುಗಳನ್ನು ಒಂದರೊಳಗೊಂದು ಇಡುತ್ತ ಕೂತಳು. “ಮಕ್ತುಮಸಾಬ ಅಂದ, ಖೋಲಿ ಹಿಡದೀಯಂತ. ನಾವೇನರೆ ಅಂದ್ವೇನು?” ಎಂದಳು.

“ಇಲ್ರಿ. ನೀವು ಒಂದು ದಿನಾನೂ ಏನೂ ಅಂದಿಲ್ಲ.”

ಅದು ಖರೇ ಮಾತು. ಒಳಗಿನಿಂದ ಬಂದ ನಿರ್ಮಲಾ ಅತ್ತೆಯ ಭುಜಕ್ಕೆ ತಲೆ ಆನಿಸಿ ನಿಂತಳು.

ಹೆಸರು ಅಳಿಸಲು ಸಾಮಾನು ತಾನೇ ಒಯ್ಯುತ್ತೇನೆ ಎಂದಳು ಜಯವ್ವ. ಶಂಕ್ರಪ್ಪ ಉಜ್ಜುವ ಚಕ್ರ ತಿರುಗಿಸಿ ಕೂತ. ಅವನ ತಂದೆ ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು ಅವು. ಒಂದೊಂದಾಗಿ ಕಿಡಿ ಹಾರಿಸಿ ಮಾಯವಾದವು, ಆ ಜಾಗದಲ್ಲಿ ನಿರ್ಮಲಾಳ ಹೆಸರು, ಅಗಡಿಯ ಹುಡುಗನ ಹೆಸರು ಬಂದು ಕೂತವು. ಜಯವ್ವ ಸ್ಟೂಲಿನ ಮೇಲೆ ಕೂತು ಕೊನೆಯ ಚರಗಿಯವರೆಗೂ ನೋಡಿದಳು. ಆಮೇಲೆ ತನ್ನ ಕೈಚೀಲದಿಂದ ಒಂದು ತಾಟು ತೆಗೆದು ಮುಂದಿಟ್ಟಳು.

“ಇದಕ್ಕೂ ನಿರ್ಮಲಾನ ಹೆಸರೇನು?”

“ಬ್ಯಾಡ್ರಿ. ಎರಡನೇದು ಅಷ್ಟ ಅಳಿಸ್ರಿ. ಮೊದಲಿಂದು ಇರ್ಲಿ.”

ಶಂಕ್ರಪ್ಪ ತಾಟನ್ನು ಬೆಳಕಿಗೆ ಹಿಡಿದು ಓದಿದ. ಓದಿ, ಊರಿನವರು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಪ್ರಶ್ನೆಯನ್ನು ಅವನು ಕೇಳಿದ.

“ಖರೇನ ಜಯವ್ವಾ, ಡಾಕಪ್ಪ ಈಗ ಎಲ್ಲದಾನ?”

“ಗೊತ್ತಿಲ್ರಿ” ಎಂದಳು ಜಯವ್ವ. “ಮನಿ ನಾನ ನೋಡೇನಿ.”